ಮೊಲದ ಉಗುರು ಕತ್ತರಿಸುವ ಮೊದಲು ಹಿಡಿಯಲು ಕಲಿಯಿರಿ

ನಮ್ಮ ಮನೆಯಲ್ಲಿ ಮೊಲಕ್ಕೆ ಖರ್ಗೋಶ್ ಎನ್ನುತ್ತೇವೆ. ಇದು ಫಾರಸಿಯಿಂದ ಉರ್ದುವಿಗೆ ಬಂದ ಪದ. ಖರ್ ಎಂದರೆ ಕತ್ತೆ, ಗೋಶ್ ಎಂದರೆ ಕಿವಿ. ಹೆಸರಿನಲ್ಲೇ ಕಿವಿ ಇದೆ ಎಂದೋ ಏನೋ, ಸಂತೆಯಲ್ಲಿ ಮಾರುವವರಿಂದ ಹಿಡಿದು ಮನೆಯ ಮಕ್ಕಳವರೆಗೆ ಅನೇಕರು ಮೊಲವನ್ನು ಕಿವಿ ಹಿಡಿದೇ ಎತ್ತುತ್ತಾರೆ. ಆ ಕಿವಿಯ ತುಂಬ ರಕ್ತನಾಳ, ನರಗಳಿವೆ. ಇಡೀ ದೇಹದ ಭಾರ ಅದರ ಮೇಲೆ ಬಿದ್ದರೆ ಎಷ್ಟು ನೋವಾಗಬಹುದು ನೀವೇ ಯೋಚಿಸಿ.

ನನ್ನ ಗೆಳತಿಯರು ಕೇಳುವುದು ಒಂದೇ ಪ್ರಶ್ನೆ: "ಉಗುರು ಕತ್ತರಿಸುವಾಗ ರಕ್ತ ಬಂದರೆ ಏನು ಮಾಡೋದು?" ಆ ರಕ್ತ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ನಿಲ್ಲುತ್ತದೆ. ನಿಜವಾದ ಅಪಾಯ ಇರುವುದು ಹಿಡಿಯುವುದರಲ್ಲಿ. ಮೊಲದ ಮೂಳೆಗಳು ಹಗುರ, ಹಿಂಗಾಲಿನ ಸ್ನಾಯುಗಳು ಮಾತ್ರ ಬಹಳ ಬಲವಾದವು. ಹೆದರಿದಾಗ ಜೋರಾಗಿ ಒದೆಯುತ್ತದೆ. ಆಗ ಹಿಂಭಾಗಕ್ಕೆ ಆಧಾರವಿಲ್ಲದಿದ್ದರೆ ಅದರ ಸ್ವಂತ ಒದೆತಕ್ಕೇ ಬೆನ್ನುಮೂಳೆ ಮುರಿಯಬಹುದು. ಹಾಗಾದರೆ ಹಿಂಗಾಲುಗಳು ಮತ್ತೆ ಸರಿಯಾಗುವುದು ಕಷ್ಟ.

ಆದ್ದರಿಂದ ನೆಲದ ಮೇಲೆ ಕುಳಿತೇ ಈ ಕೆಲಸ ಮಾಡಿ, ಜಾರಿದರೂ ಎತ್ತರದಿಂದ ಬೀಳುವುದಿಲ್ಲ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಇರಲಿ. ಟವೆಲ್‌ನಲ್ಲಿ ಸುತ್ತಿ ಮಡಿಲಲ್ಲಿ ಕೂರಿಸಿ, ಒಂದೊಂದೇ ಕಾಲನ್ನು ಹೊರಗೆ ತೆಗೆಯಿರಿ. ನಮ್ಮಲ್ಲಿ ಅಮ್ಮಿ ಹಿಡಿಯುತ್ತಾರೆ, ನಾನು ಕತ್ತರಿಸುತ್ತೇನೆ. ಕೆಲವರು ಮೊಲವನ್ನು ಅಂಗಾತ ಮಲಗಿಸುತ್ತಾರೆ. ಅದು ಅಲುಗಾಡದೆ ಇರುವುದನ್ನು ಕಂಡು "ಎಷ್ಟು ಆರಾಮಾಗಿದೆ" ಎಂದು ವಿಡಿಯೊ ಕೂಡ ಮಾಡುತ್ತಾರೆ. ಅದು ಆರಾಮವಲ್ಲ. ಬೇಟೆಗಾರನ ಕೈಗೆ ಸಿಕ್ಕ ಪ್ರಾಣಿ ಭಯದಿಂದ ಮರಗಟ್ಟುವ ಸ್ಥಿತಿ ಅದು.

ಒಟ್ಟು 18 ಉಗುರುಗಳು: ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು. ಮುಂಗಾಲಿನ ಐದನೆಯದು ಒಳಬದಿಯಲ್ಲಿ ಸ್ವಲ್ಪ ಮೇಲಿರುತ್ತದೆ, ಕೂದಲಿನಲ್ಲಿ ಮುಚ್ಚಿಹೋಗಿ ಮರೆತುಹೋಗುವುದು ಅದೇ. ಬಿಳಿ ಉಗುರಿನಲ್ಲಿ ಗುಲಾಬಿ ಬಣ್ಣದ ರಕ್ತನಾಳ ಕಾಣುತ್ತದೆ. ಅದಕ್ಕಿಂತ 2–3 ಮಿಲಿಮೀಟರ್ ಮುಂದೆಯೇ ಕತ್ತರಿಸಿ. ಕಪ್ಪು ಉಗುರಾದರೆ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ. ಆಗಲೂ ಕಾಣದಿದ್ದರೆ ತುದಿಯನ್ನಷ್ಟೇ ತೆಗೆದರೆ ಸಾಕು. ನಾವು ಬಳಸುವ ಚಪ್ಪಟೆ ನೇಲ್ ಕಟರ್ ಉಗುರನ್ನು ಜಜ್ಜಿ ಸೀಳುತ್ತದೆ. ಬೆಕ್ಕಿನ ಉಗುರಿಗೆಂದು ಸಿಗುವ ಸಣ್ಣ ಕಟರ್ ಒಳ್ಳೆಯದು. ಪಕ್ಕದಲ್ಲಿ ಸ್ವಲ್ಪ ಕಾರ್ನ್‌ಫ್ಲೋರ್ ಇಟ್ಟುಕೊಳ್ಳಿ, ರಕ್ತ ಬಂದರೆ ಅದನ್ನು ಉಗುರಿನ ತುದಿಗೆ ಒತ್ತಿ ಹಿಡಿದರಾಯಿತು. ನಾಲ್ಕರಿಂದ ಆರು ವಾರಕ್ಕೊಮ್ಮೆ ಈ ಕೆಲಸ ಇದ್ದೇ ಇರುತ್ತದೆ. ತುಂಬಾ ಒದ್ದಾಡಿದರೆ ಇವತ್ತು ನಾಲ್ಕು ಉಗುರು ಸಾಕು, ಉಳಿದದ್ದು ನಾಳೆ.

ಇನ್ನು ಕೂದಲು. ಬೆಕ್ಕಿನಂತೆ ಮೊಲವೂ ಮೈ ನೆಕ್ಕಿಕೊಂಡು ಕೂದಲು ನುಂಗುತ್ತದೆ. ಬೆಕ್ಕು ಅದನ್ನು ವಾಂತಿ ಮಾಡಬಲ್ಲದು, ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ನುಂಗಿದ್ದು ಕರುಳಿನ ಮೂಲಕವೇ ಹೊರಗೆ ಹೋಗಬೇಕು. ಅದಕ್ಕೇ ಒಣಹುಲ್ಲು ಸದಾ ಮುಂದಿರಬೇಕು, ವಾರಕ್ಕೊಮ್ಮೆಯಾದರೂ ಮೃದುವಾದ ಬ್ರಷ್‌ನಿಂದ ಬಾಚಬೇಕು. ಕೂದಲು ಉದುರುವ ಕಾಲದಲ್ಲಿ ದಿನಾ ಬಾಚಿ. ಉದ್ದ ಕೂದಲಿನ ಅಂಗೋರಾ ಮೊಲಕ್ಕೂ ಬಹುತೇಕ ದಿನಾ ಬೇಕು. ಗಂಟಾದ ಕೂದಲಿಗೆ ಕತ್ತರಿ ಹಾಕಬೇಡಿ, ಚರ್ಮ ತುಂಬಾ ತೆಳು, ಕೂದಲ ಜೊತೆ ಅದೂ ಬಂದುಬಿಡುತ್ತದೆ. ಪಾದದ ಕೆಳಗಿನ ಕೂದಲನ್ನಂತೂ ಮುಟ್ಟಲೇಬಾರದು. ಬೆಕ್ಕಿಗಿರುವಂತೆ ಮೊಲಕ್ಕೆ ಅಂಗಾಲಿನ ಮೆತ್ತೆ ಇಲ್ಲ, ಆ ಕೂದಲೇ ಅದರ ಚಪ್ಪಲಿ.

ಬೇಸಿಗೆ ಎಂದು ಸ್ನಾನ ಮಾಡಿಸುವವರಿದ್ದಾರೆ. ಬೇಡ. ಒದ್ದೆ ಕೂದಲು ಬೇಗ ಒಣಗುವುದಿಲ್ಲ. ಮೈ ತಣ್ಣಗಾಗಿ, ಜೊತೆಗೆ ಗಾಬರಿಯೂ ಸೇರಿ ಪ್ರಾಣಕ್ಕೇ ಕುತ್ತು ಬರಬಹುದು. ಹಿಂಭಾಗ ಗಲೀಜಾಗಿದ್ದರೆ ಅಷ್ಟನ್ನೇ ಬೆಚ್ಚಗಿನ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ಹಾಗೇ ಬಿಟ್ಟರೆ ನೊಣ ಮೊಟ್ಟೆ ಇಟ್ಟು ಹುಳುವಾಗುತ್ತದೆ. ಚಿಗಟಕ್ಕೆಂದು ನಾಯಿಯ ಔಷಧಿ ಹಾಕುವುದು ಇನ್ನೊಂದು ಅಪಾಯ. ಅವುಗಳಲ್ಲಿ ಹಲವದರಲ್ಲಿರುವ ಫಿಪ್ರೊನಿಲ್ ಮೊಲಕ್ಕೆ ವಿಷ.

ಬಾಚುವ ದಿನವೇ ಹಲ್ಲು, ಕಿವಿ ನೋಡಿ, ತೂಕ ಹಾಕಿಬಿಡಿ. ಕಾಮರ್ಸ್‌ನವಳಾದ್ದರಿಂದ ನನಗೆ ಲೆಕ್ಕ ಬರೆಯುವ ಚಟ. ಅಕೌಂಟೆನ್ಸಿ ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ದಿನಾಂಕ, ತೂಕ, ಉಗುರು ಕತ್ತರಿಸಿದ ದಿನ ಎಲ್ಲ ಇದೆ. ಮೊಲ ನೋವಾದರೂ ಕೂಗುವುದು ಅಪರೂಪ, ಮೂಲೆ ಹಿಡಿದು ಸುಮ್ಮನೆ ಕೂರುತ್ತದೆ. ಅರ್ಧ ದಿನ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ಮರುದಿನದವರೆಗೆ ಕಾಯಬೇಡಿ, ಕೂಡಲೇ ಪಶುವೈದ್ಯರ ಬಳಿ ಹೊರಡಿ. ಹೋಗುವ ಮುನ್ನ ಫೋನ್ ಮಾಡಿ, ಮೊಲವನ್ನು ನೋಡುತ್ತಾರಾ ಎಂದು ಕೇಳಿಕೊಳ್ಳಿ. ನಾಯಿ, ದನ ಮಾತ್ರ ನೋಡುವವರೂ ಇರುತ್ತಾರೆ.