ನ್ಯಾಯಾಲಯದ ಲಕೋಟೆ ಮತ್ತು ಧರ್ಮಕೇಂದ್ರದ ಗುರು

ಕೆಲವು ವರ್ಷಗಳ ಹಿಂದೆ ಹೊಸನಗರದ ಕಡೆಯ ತಾಯಿಯೊಬ್ಬರು ಭಾನುವಾರದ ಬಲಿಪೂಜೆಯ ನಂತರ ಒಂದು ರಿಜಿಸ್ಟರ್ಡ್ ಲಕೋಟೆಯನ್ನು ನಮ್ಮ ಕೈಗಿತ್ತರು. (ಗುರುತು ಹತ್ತದಂತೆ ವಿವರಗಳನ್ನು ತುಸು ಬದಲಿಸಿದ್ದೇವೆ.) ಪತಿ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದರು, ಆಕೆ ಮಗನೊಡನೆ ತವರಿಗೆ ಬಂದು ಮೂರು ವರ್ಷ ಕಳೆದಿತ್ತು. ಕ್ರಿಸ್ಮಸ್‌ಗೆ ಬಂದಿದ್ದ ಪತಿ ಮಗನಿಗೆ ಹೊಸ ಬಟ್ಟೆ ಕೊಡಿಸಿ, ಎಲ್ಲರೊಡನೆ ಉಂಡು ಹೋಗಿದ್ದರು. ವಿಚ್ಛೇದನದ ಅರ್ಜಿ ಅದಕ್ಕೂ ಮೊದಲೇ ಅಲ್ಲಿನ ಕುಟುಂಬ ನ್ಯಾಯಾಲಯದಲ್ಲಿ ದಾಖಲಾಗಿತ್ತು. “ಏನು ಮಾಡಲಿ ಫಾದರ್?” ಎಂದು ಆಕೆ ಕೇಳಿದರು. “ಧರ್ಮಸಭೆ ವಿಚ್ಛೇದನವನ್ನು ಒಪ್ಪುವುದಿಲ್ಲಮ್ಮ. ಪ್ರಾರ್ಥನೆ ಮಾಡಿ, ನಾವು ಅವರೊಡನೆ ಮಾತಾಡುತ್ತೇವೆ” ಎಂದೆವು.

ನಾವು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಆಕೆಗೆ ಕೇಳಿಸಿದ್ದು ಆ ಕಾಗದಕ್ಕೆ ಬೆಲೆಯಿಲ್ಲ ಎಂದು. ಲಕೋಟೆ ಪೆಟ್ಟಿಗೆಯ ತಳ ಸೇರಿತು. ಕೆಲವು ತಿಂಗಳಲ್ಲಿ ಏಕಪಕ್ಷೀಯ ಡಿಕ್ರಿಯಾಯಿತು. ಪತ್ನಿ ಪತಿಯನ್ನು ತೊರೆದು ಹೋಗಿದ್ದಾಳೆಂಬ ಮಾತಿಗೆ ಎದುರು ಹೇಳುವವರು ಯಾರೂ ಇರಲಿಲ್ಲ. ಮಗನ ಪಾಲನೆ, ಶಾಲೆಯ ಖರ್ಚಿನ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ತಪ್ಪು ನಮ್ಮದು. ಸಾಗರ, ಹೊಸನಗರ, ತೀರ್ಥಹಳ್ಳಿಯ ಧರ್ಮಕೇಂದ್ರಗಳಿಗೆ ನಾಳೆ ಹೋಗಲಿರುವ ಗುರು ಅಭ್ಯರ್ಥಿಗಳು ಅದನ್ನೇ ಮಾಡದಿರಲೆಂದು ಈ ಲೇಖನ.

ಕ್ರೈಸ್ತರ ಸಿವಿಲ್ ವಿಚ್ಛೇದನವು 1869ರ ವಿಚ್ಛೇದನ ಕಾಯಿದೆಯ ಅಡಿಯಲ್ಲಿ ನಡೆಯುತ್ತದೆ. 2001ರ ತಿದ್ದುಪಡಿ ಅದನ್ನು ಬಹುಮಟ್ಟಿಗೆ ಬದಲಿಸಿತು. ಮದುವೆ ನಡೆದ ಊರು, ದಂಪತಿ ವಾಸಿಸುವ ಊರು ಅಥವಾ ಕೊನೆಯದಾಗಿ ಜೊತೆಯಲ್ಲಿ ವಾಸಿಸಿದ ಊರು ಯಾವ ನ್ಯಾಯಾಲಯದ ವ್ಯಾಪ್ತಿಯಲ್ಲಿದೆಯೋ ಅಲ್ಲಿ ಅರ್ಜಿ ಹಾಕಬಹುದು. ಅರ್ಜಿಗೆ ಮುನ್ನ ಕನಿಷ್ಠ ಎರಡು ವರ್ಷ ತೊರೆದಿರುವುದು ವಿಚ್ಛೇದನಕ್ಕೆ ಒಂದು ಕಾರಣ. ಹೀಗಿರುವಾಗ, ಹೆರಿಗೆಗೋ ಅತ್ತೆಮನೆಯ ಕಿರುಕುಳ ತಾಳಲಾರದೆಯೋ ತವರಿಗೆ ಬಂದು ಅಲ್ಲೇ ಉಳಿದವಳ ಮೌನವು ಸಲೀಸಾಗಿ ‘ತೊರೆದಿದ್ದಾಳೆ’ ಎಂಬುದಕ್ಕೆ ಪುರಾವೆಯಾಗಿಬಿಡುತ್ತದೆ.

ಧರ್ಮಸಭೆಯ ನ್ಯಾಯಮಂಡಳಿ ಇರುವಾಗ ಸಿವಿಲ್ ನ್ಯಾಯಾಲಯದ ಗೊಡವೆ ಏಕೆಂದು ಕೇಳುವವರು ನಮ್ಮ ನಡುವೆ ಇನ್ನೂ ಇದ್ದಾರೆ. 1996ರಲ್ಲಿ ಮಾಲಿ ಜೋಸೆಫ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇದಕ್ಕೆ ಉತ್ತರ ಕೊಟ್ಟಿದೆ: ಧರ್ಮಸಭೆಯ ಮಂಡಳಿ ನೀಡುವ ಶೂನ್ಯತೆಯ ಘೋಷಣೆಯಿಂದ ಸಿವಿಲ್ ವಿವಾಹ ಕೊನೆಗೊಳ್ಳುವುದಿಲ್ಲ. ಆ ಘೋಷಣೆಗೆ ಕಾನೂನಿನ ಮಾನ್ಯತೆ ದೊರಕಿಸಲು ನಮ್ಮ ರಾಜ್ಯದವರೇ ಆದ, ಮಂಗಳೂರಿನ ವಕೀಲ ಕ್ಲಾರೆನ್ಸ್ ಪಾಯ್ಸ್ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2017ರ ಜನವರಿಯಲ್ಲಿ ಅವರ ಅರ್ಜಿ ವಜಾ ಆಯಿತು. ಎರಡು ಪೀಠಗಳೂ ಬೇರೆ, ಅವು ಕೇಳುವ ಪ್ರಶ್ನೆಗಳೂ ಬೇರೆ. ಒಂದರ ಮುಂದೆ ಸುಮ್ಮನಿರಲು ಇನ್ನೊಂದು ನೆಪವಾಗದು.

ಇಲ್ಲಿ ಒಂದು ದೈವಶಾಸ್ತ್ರೀಯ ಗೊಂದಲವನ್ನೂ ಬಿಡಿಸಬೇಕಾಗಿದೆ. ನ್ಯಾಯಾಲಯದಲ್ಲಿ ಉತ್ತರಿಸಿದರೆ ವಿಚ್ಛೇದನಕ್ಕೆ ಒಪ್ಪಿದಂತೆ ಎಂದು ಅನೇಕ ಭಕ್ತ ಸ್ತ್ರೀಯರು ಭಾವಿಸುತ್ತಾರೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಆರನೆಯ ಅಧ್ಯಾಯವನ್ನೂ ನೆನಪಿಸುತ್ತಾರೆ. ಆದರೆ ಅದನ್ನು ಬರೆದ ಪೌಲರೇ ಚಕ್ರವರ್ತಿಯ ನ್ಯಾಯಪೀಠಕ್ಕೆ ಮೊರೆಯಿಟ್ಟವರು. ಆರೋಪಿಯು ಆಪಾದಿಸುವವರ ಎದುರು ನಿಂತು ಉತ್ತರ ಹೇಳುವ ಮೊದಲು ಅವನನ್ನು ಒಪ್ಪಿಸಿಕೊಡುವ ಪದ್ಧತಿ ರೋಮನರಲ್ಲಿಲ್ಲವೆಂದು ಫೆಸ್ತನು ಹೇಳುವುದನ್ನು ಪ್ರೇಷಿತರ ಕಾರ್ಯಕಲಾಪಗಳಲ್ಲಿ ನಾವು ಓದುತ್ತೇವೆ. ಮಧ್ಯಯುಗದ ಧರ್ಮಸಭಾ ಕಾನೂನು ಪಂಡಿತರು ಇನ್ನೂ ಹಿಂದಕ್ಕೆ, ಏದೆನ್ ತೋಟಕ್ಕೇ ಹೋದರು: ಎಲ್ಲವನ್ನೂ ಬಲ್ಲ ದೇವರು ಕೂಡ ತೀರ್ಪು ಕೊಡುವ ಮುಂಚೆ ಆದಾಮನನ್ನು ಕರೆದು ವಿಚಾರಿಸಿದರು, ಸಮನ್ಸ್‌ನ ಮೂಲ ಅಲ್ಲಿದೆ. ಇಂದಿನ ಸಂಹಿತೆಯಲ್ಲೂ 1620ನೆಯ ಕಾನನ್ ಪ್ರಕಾರ, ಪ್ರತಿವಾದದ ಹಕ್ಕನ್ನು ನಿರಾಕರಿಸಿ ಕೊಟ್ಟ ತೀರ್ಪು ಸರಿಪಡಿಸಲಾಗದಷ್ಟು ಅಸಿಂಧು. ಅರ್ಜಿ ಗುಟ್ಟಾಗಿ ಸಲ್ಲಬಹುದು, ತೀರ್ಪು ಗುಟ್ಟಾಗಿ ಬರಬಾರದು. ಆದುದರಿಂದ ಉತ್ತರಿಸುವುದು ವಿವಾಹವನ್ನು ಅಲ್ಲಗಳೆಯುವ ಕೃತ್ಯವಲ್ಲ. ಎಷ್ಟೋ ಸಲ ಅದನ್ನು ಎತ್ತಿಹಿಡಿಯಲು ಉಳಿದಿರುವ ಏಕೈಕ ವೇದಿಕೆ ಅದೇ. ಹಕ್ಕುಗಳ ಹಾಗೂ ಮಕ್ಕಳ ರಕ್ಷಣೆಗೆ ಬೇರೆ ದಾರಿಯಿಲ್ಲದಿದ್ದರೆ ಸಿವಿಲ್ ವಿಚ್ಛೇದನವನ್ನೇ ಸಹಿಸಬಹುದೆಂದು ಕಥೋಲಿಕ ಧರ್ಮೋಪದೇಶದ 2383ನೆಯ ಪರಿಚ್ಛೇದ ಹೇಳುವಾಗ, ಬರಿಯ ಉತ್ತರ ಪತ್ರಕ್ಕೆ ಹೆದರಬೇಕಾದುದೇನು?

ಗುಟ್ಟೆಲ್ಲವೂ ವಂಚನೆಯೆಂದೂ ಹೇಳಲಾಗದು. ಸಂತ ಜೋಸೆಫರು ಮರಿಯಳನ್ನು ಗೋಪ್ಯವಾಗಿ ಬಿಡಲು ಯೋಚಿಸಿದ್ದು ಆಕೆಗೆ ಅವಮಾನವಾಗದಿರಲೆಂದು. ಹೊಡೆತ ತಾಳಲಾರದೆ ಪತಿಗೆ ತಿಳಿಯದಂತೆ ಅರ್ಜಿ ಹಾಕಿದ ಪತ್ನಿಯ ಗುಟ್ಟು ಪ್ರಾಣರಕ್ಷಣೆಯ ಗುಟ್ಟು. ಅಂಥವಳನ್ನು ‘ರಾಜಿ’ಯ ಹೆಸರಿನಲ್ಲಿ ಪತಿಯೊಡನೆ ಒಂದೇ ಕೋಣೆಯಲ್ಲಿ ಕೂರಿಸುವುದು ಪಾಲನಾ ಸೇವೆಯಲ್ಲ. ಆದುದರಿಂದ ಎರಡೂ ಕಡೆಯವರನ್ನು ಬೇರೆಬೇರೆಯಾಗಿ ಕೇಳಬೇಕು. ಅರ್ಜಿ ಹಾಕಿದವರೂ ನಮ್ಮ ಸಭೆಯವರೇ.

ಲಕೋಟೆ ಕೈಗೆ ಬಂದಾಗ ಮೊದಲು ನೋಡಬೇಕಾದುದು ಹಾಜರಾಗಬೇಕಾದ ದಿನಾಂಕವನ್ನು. ಸಮನ್ಸ್ ತಲುಪಿದ 30 ದಿನಗಳಲ್ಲಿ ಲಿಖಿತ ಉತ್ತರ ಸಲ್ಲಿಸಬೇಕು. ನ್ಯಾಯಾಲಯ ಅದನ್ನು 90 ದಿನಗಳವರೆಗೆ ವಿಸ್ತರಿಸಬಹುದು. ಲಕೋಟೆಯನ್ನು ತೆಗೆದುಕೊಳ್ಳದೆ ಹಿಂದಿರುಗಿಸಿದರೂ ತಲುಪಿದಂತೆಯೇ ಎಣಿಸಲು ಅವಕಾಶವಿದೆ. ಸ್ತ್ರೀಯರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಕೊಟ್ಟಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯವರೆಗೆ ಜೊತೆಯಲ್ಲಿ ನಡೆದುಹೋಗುವುದು ಹತ್ತು ಪ್ರಸಂಗಗಳಿಗಿಂತ ಮೇಲು. ಬೆಂಗಳೂರಿಗೆ ಮತ್ತೆ ಮತ್ತೆ ಹೋಗಲಾಗದವರು ಮೊಕದ್ದಮೆಯನ್ನು ತಮ್ಮ ಜಿಲ್ಲೆಗೆ ವರ್ಗಾಯಿಸಲು ಉಚ್ಚ ನ್ಯಾಯಾಲಯವನ್ನು ಕೋರಬಹುದು. ಮೊಕದ್ದಮೆ ನಡೆಯುತ್ತಿರುವಾಗಲೇ ಪತ್ನಿಯ ಜೀವನಾಂಶವನ್ನೂ ಮಗುವಿನ ಪೋಷಣೆ, ಶಿಕ್ಷಣದ ವೆಚ್ಚವನ್ನೂ ಕೇಳಬಹುದು. ಅಂಥ ಕೋರಿಕೆ ಸಾಧ್ಯವಾದಷ್ಟು 60 ದಿನಗಳೊಳಗೆ ತೀರ್ಮಾನವಾಗಬೇಕೆಂದು 2001ರ ತಿದ್ದುಪಡಿ ಹೇಳುತ್ತದೆ. ಏಕಪಕ್ಷೀಯ ಡಿಕ್ರಿಯೇ ಆಗಿಹೋಗಿದ್ದರೆ, ಸಾಕಷ್ಟು ಕಾರಣ ತೋರಿಸಿ ರದ್ದತಿ ಕೋರಲು ಇರುವ ಅವಧಿ 30 ದಿನ. ಸಮನ್ಸ್ ಸರಿಯಾಗಿ ತಲುಪದಿದ್ದಲ್ಲಿ ವಿಷಯ ತಿಳಿದ ದಿನದಿಂದ ಆ ಎಣಿಕೆ.

ಒಂದು ಎಚ್ಚರಿಕೆ. ಒಂದು ಪಕ್ಷದವರು ಕೇಳಿದರೆಂದು ‘ಇವರು ಒಳ್ಳೆಯವರು, ಅವರು ಕೆಟ್ಟವರು’ ಎಂದು ಧರ್ಮಕೇಂದ್ರದ ಮೊಹರಿನಡಿ ಬರೆದುಕೊಡುವ ಪತ್ರಗಳು ನ್ಯಾಯಾಲಯದ ಕಡತ ಸೇರುತ್ತವೆ. ಬರೆಯಬೇಡಿ.

ಮಗುವನ್ನು ಒತ್ತೆಯಾಳಾಗಿಸದಿರಿ ಎಂದು ಜಗದ್ಗುರು ಫ್ರಾನ್ಸಿಸರು 2016ರ ‘ಅಮೋರಿಸ್ ಲೆತೀತಿಯ’ದಲ್ಲಿ ತಂದೆತಾಯಂದಿರನ್ನು ಬೇಡಿಕೊಂಡಿದ್ದಾರೆ. ಅಪ್ಪನಿಗೆ ಸುದ್ದಿ ಮುಟ್ಟಿಸಲು, ಅಮ್ಮನ ಗುಟ್ಟು ತಿಳಿಯಲು ಮಗುವನ್ನು ಬಳಸುವುದು ಅದರ ಮೊದಲ ಮೆಟ್ಟಿಲು. ವಿಚ್ಛೇದನಕ್ಕೆ ಗುರಿಯಾಗಿ ಮರುಮದುವೆಯಾಗದೆ ಉಳಿದ ತಾಯಿಗೆ ಆ ಕಾರಣದಿಂದ ಪರಮಪ್ರಸಾದಕ್ಕೆ ಯಾವ ಅಡ್ಡಿಯೂ ಇಲ್ಲವೆಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿ. ಎಷ್ಟೋ ಮಂದಿ ತಾವಾಗಿಯೇ ಹಿಂದಿನ ಬೆಂಚಿಗೆ ಸರಿದುಬಿಡುತ್ತಾರೆ.

ಆ ತಾಯಿ ತಡವಾಗಿಯಾದರೂ ವಕೀಲರ ನೆರವಿನಿಂದ ಡಿಕ್ರಿಯ ರದ್ದತಿಗೆ ಅರ್ಜಿ ಹಾಕಿದರು. ವಿಳಂಬವನ್ನು ಮನ್ನಿಸಬೇಕೆಂದೂ ಕೋರಬೇಕಾಯಿತು. ಸಾಗರದಲ್ಲಿ ರಾತ್ರಿಯ ರೈಲು ಹತ್ತಿ ಆಕೆ ಬೆಂಗಳೂರಿಗೆ ಹೋದ ದಿನಗಳಲ್ಲೊಮ್ಮೆ, ಪ್ರಥಮ ಪರಮಪ್ರಸಾದದ ತರಗತಿಗೆ ಬಂದಿದ್ದ ಮಗ ಅರ್ಜಿಯ ಹಾಳೆ ಹಿಡಿದು ನಮ್ಮ ಬಳಿ ನಿಂತ. ತಂದೆಯ ಹೆಸರು ಬರೆಯುವ ಜಾಗ ಖಾಲಿಯಿತ್ತು. “ಬರೀಬಹುದಾ ಫಾದರ್?” ಎಂದು ಕೇಳಿದ. ದೀಕ್ಷಾಸ್ನಾನದ ದಾಖಲೆಪುಸ್ತಕವನ್ನು ತೆಗೆದು ಅವನ ಪುಟವನ್ನು ತೋರಿಸಿದೆವು. ಇಬ್ಬರ ಹೆಸರೂ ಅಲ್ಲಿದ್ದವು. ಅವನು ಅಕ್ಷರ ಅಕ್ಷರವಾಗಿ ನೋಡಿಕೊಂಡು ಬರೆದ.