ಹೊತ್ತು ತಪ್ಪಿ ಬಂದ ಗಾಳಿ

ಉಪ್ಪಿನಕಾಯಿಯ ಜಾಡಿಯಲ್ಲಿ ಹೋಳುಗಳ ಮೇಲೆ ಎಣ್ಣೆ ನಿಲ್ಲುವಂತೆ ನೋಡಿಕೊಳ್ಳುವುದು ನಮ್ಮ ಹಿರಿಯರ ಕ್ರಮ. ಗಾಳಿ ತಾಗಿದ್ದು ಕೆಡುತ್ತದೆಂಬುದನ್ನು ಅವರು ಅನುಭವದಿಂದ ಅರಿತಿದ್ದರು. ಆ ತಿಳಿವು ನನಗೂ ಇತ್ತು; ಬೇಕಾದ ಹೊತ್ತಿಗೆ ಮಾತ್ರ ನೆನಪಾಗಲಿಲ್ಲ.

ಅಮೆರಿಕದಲ್ಲಿ ಸ್ನೇಹಿತರೊಬ್ಬರ ಮನೆಯಲ್ಲಿ ಎರಡು ತಿಂಗಳು ಅತಿಥಿಯಾಗಿದ್ದೆ. ಮನೆಬಳಕೆಗೆ ತಯಾರಿಸುವ ಬಿಯರಿನ ಮೇಲಿದ್ದ ಒಕ್ಕೂಟ ಸರ್ಕಾರದ ತೆರಿಗೆಯನ್ನು ಆ ದೇಶದ 1978ರ ಕಾನೂನೊಂದು ತೆಗೆದುಹಾಕಿತು. ಬಳಿಕ ಈ ಹವ್ಯಾಸ ಅಲ್ಲಿ ಬಹಳವಾಗಿ ಹಬ್ಬಿತು. ಸ್ನೇಹಿತರು ತಮ್ಮ ತಂದೆಯ ಎಂಬತ್ತನೆಯ ಹುಟ್ಟುಹಬ್ಬಕ್ಕೆಂದು ಹಾಪ್ಸ್ ಹೂವಿನ ಘಮವುಳ್ಳ ಬಿಯರನ್ನು ಸಿದ್ಧಪಡಿಸಿದ್ದರು. ಅದನ್ನು 19 ಲೀಟರಿನ ಉಕ್ಕಿನ ಕೆಗ್ಗಿಗೆ ತುಂಬುವಾಗ ನಾನು ನೆರವಿಗೆ ನಿಂತೆ. ಕಾಫಿ ಆರಿಸುವವನಂತೆ ಕೊಳವೆಯನ್ನು ಮೇಲೆತ್ತಿ ಹಿಡಿದು, ನೊರೆಯೇಳುವಂತೆ ಸುರಿದೆ. ಕೆಗ್ಗು ಒಂದು ತಿಂಗಳು ಬೆಚ್ಚನೆಯ ಕೋಣೆಯಲ್ಲಿತ್ತು. ಹಬ್ಬದ ದಿನ ನೋಡಿದರೆ ಹೊಂಬಣ್ಣ ಕಂದಿತ್ತು; ಘಮ ಅಡಗಿ ನೆನೆದ ರಟ್ಟಿನ ವಾಸನೆ ಬರುತ್ತಿತ್ತು. ಆ ವೃದ್ಧರು ಒಂದು ಗುಟುಕು ಕುಡಿದು, ಏನೂ ಹೇಳದೆ ಲೋಟವನ್ನು ಮೆಲ್ಲನೆ ಕೆಳಗಿಟ್ಟರು.

ವಿಚಿತ್ರವೆಂದರೆ, ಇದೇ ಗಾಳಿ ಬಿಯರಿಗೆ ಆರಂಭದಲ್ಲಿ ಬೇಕೇ ಬೇಕು. ಕುದಿಸಿ ತಣಿಸಿದ ಮಾಲ್ಟಿನ ರಸಕ್ಕೆ ಯೀಸ್ಟ್ ಬೆರೆಸುವ ಮೊದಲು ಅದನ್ನು ಚೆನ್ನಾಗಿ ಕುಲುಕುತ್ತಾರೆ. ಯೀಸ್ಟ್ ತನ್ನ ಕೋಶದ ಪೊರೆಯನ್ನು ಕಟ್ಟಿಕೊಳ್ಳಲು ಆಮ್ಲಜನಕವನ್ನು ಬಳಸುತ್ತದೆ. ಹುದುಗುವಿಕೆ ಮುಗಿದ ಮೇಲೆ ಬರುವ ಆಮ್ಲಜನಕವಾದರೋ ಹಾಪ್ಸಿನ ಪರಿಮಳವನ್ನೂ ಮಾಲ್ಟಿನ ಸಾರವನ್ನೂ ಹಿಡಿದು ಕೆಡಿಸುತ್ತದೆ. ಶಾಖ ಆ ಕೆಲಸವನ್ನು ಚುರುಕುಗೊಳಿಸುತ್ತದೆ.

ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ಬಿಯರಿನ ಮೇಲೆ ಕಂಬಳಿಯಂತೆ ಹೊದೆದು ಕಾಯುತ್ತದೆಂದು ನಾನು ನಂಬಿದ್ದೆ. ಆದರೆ ಅನಿಲಗಳು ಹಾಗೆ ಪದರಪದರವಾಗಿ ನಿಲ್ಲುವುದಿಲ್ಲ, ಒಂದರೊಳಗೊಂದು ಬೆರೆಯುತ್ತವೆ. ಲೆಕ್ಕ ಹಾಕಿ ನೋಡೋಣ. ತುಂಬಿದ ಕೆಗ್ಗಿನ ಮೇಲ್ಭಾಗದಲ್ಲಿ ಒಂದೇ ಲೀಟರ್ ಗಾಳಿ ಉಳಿದರೂ ಅದರಲ್ಲಿ ಸುಮಾರು 280 ಮಿಲಿಗ್ರಾಂ ಆಮ್ಲಜನಕವಿರುತ್ತದೆ. 18 ಲೀಟರ್ ಬಿಯರಿಗೆ ಹಂಚಿದರೆ ಲೀಟರಿಗೆ 15 ಮಿಲಿಗ್ರಾಮಿಗೂ ಹೆಚ್ಚು! ವೃತ್ತಿಪರರು ಬಯಸುವುದಾದರೋ ಲೀಟರಿಗೆ 0.1 ಮಿಲಿಗ್ರಾಮಿಗಿಂತಲೂ ಕಡಿಮೆ.

ಪರಿಹಾರ ಸರಳವಾದುದು. ಮೊದಲು ಕೆಗ್ಗನ್ನು ಶುದ್ಧೀಕರಿಸುವ ದ್ರಾವಣದಿಂದ ಕಂಠಮಟ್ಟ ತುಂಬಬೇಕು. ಬಳಿಕ ಇಂಗಾಲದ ಡೈಆಕ್ಸೈಡಿನ ಒತ್ತಡದಿಂದ ಅದನ್ನೆಲ್ಲ ಹೊರದೂಡಬೇಕು. ನೀರು ತುಂಬಿದ್ದೆಡೆಯಲ್ಲಿ ಗಾಳಿಗೆ ಜಾಗವಿಲ್ಲವಷ್ಟೆ. ಆಮೇಲೆ ಮುಚ್ಚಳ ತೆರೆಯದೆ, ತಳ ಮುಟ್ಟುವ ಕೊಳವೆಯ ಮೂಲಕ ಬಿಯರನ್ನು ನಿಧಾನವಾಗಿ ಇಳಿಸಬೇಕು. ಅಕಸ್ಮಾತ್ ಮೇಲ್ಭಾಗಕ್ಕೆ ಗಾಳಿ ಸೇರಿದ್ದರೆ, ವಾಯುಮಂಡಲದ ಒತ್ತಡಕ್ಕಿಂತ ಎರಡು ಪಟ್ಟು ಹೆಚ್ಚಾಗುವಂತೆ ಅನಿಲ ತುಂಬಿ ಬಿಡಬೇಕು. ಪ್ರತಿಸಲವೂ ಅಲ್ಲಿನ ಆಮ್ಲಜನಕ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ತಡಮಾಡದೆ ಐದು ಸಲ ಹೀಗೆ ಮಾಡಿದರೆ 243ರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಕೊನೆಗೆ ಕೆಗ್ಗನ್ನು ತಂಪಿನಲ್ಲಿಡಬೇಕು.

ಮರುವರ್ಷ ನಾನು ಮತ್ತೆ ಹೋದಾಗ ಅದೇ ಬಿಯರನ್ನು ಹೀಗೆ ತುಂಬಿದೆವು. ಕೊಳವೆಯನ್ನು ಈ ಬಾರಿ ಸ್ನೇಹಿತರೇ ಹಿಡಿದಿದ್ದರು. ಹುಟ್ಟುಹಬ್ಬದ ದಿನ ಆ ವೃದ್ಧರು ಲೋಟವನ್ನು ಬರಿದುಮಾಡಿಯೇ ಕೆಳಗಿಟ್ಟರು.