ಪಯಣದ ನಡುವೆ ಸೈಕಲ್ಲಿನ ಕಾವಲು

ಅರಕಲಗೂಡಿನಿಂದ ಸೈಕಲ್ಲೇರಿ ರಾಮನಾಥಪುರದ ಕಾವೇರಿಯ ದಡಕ್ಕೋ, ಗೊರೂರಿನ ಹೇಮಾವತಿ ಅಣೆಕಟ್ಟಿಗೋ, ಹೊಳೆನರಸೀಪುರ ಚನ್ನರಾಯಪಟ್ಟಣಗಳನ್ನು ಹಾದು ಶ್ರವಣಬೆಳಗೊಳಕ್ಕೋ ಹೊರಟ ಯಾತ್ರಿಕನಿಗೆ ದಿಣ್ಣೆ, ಬಿಸಿಲು, ಎದುರುಗಾಳಿಗಳಿಂದೊದಗುವ ಕ್ಲೇಶವೆಲ್ಲ ಒಂದು ರಾತ್ರಿಯ ನಿದ್ರೆಯಿಂದ ಪರಿಹಾರವಾಗತಕ್ಕುದೇ. ಆದರೆ ದಣಿವಾರಿಸಿಕೊಳ್ಳಲೆಂದು ಇಳಿದ ಸ್ಥಳದಲ್ಲಿ ಸೈಕಲ್ಲೇ ಅಪಹೃತವಾದರೆ ಪಯಣವೇ ಅಲ್ಲಿಗೆ ಮುಗಿದಂತೆ.

ಈ ಸೀಮೆಯಲ್ಲಿ ಕಠಿನತಮವಾದ ನಿಲುಗಡೆ ಶ್ರವಣಬೆಳಗೊಳದ ವಿಂಧ್ಯಗಿರಿಯ ಬುಡದ್ದು. 57 ಅಡಿ ಎತ್ತರದ ಗೊಮ್ಮಟನನ್ನು ಕಾಣಬೇಕಾದರೆ ಪಾದರಕ್ಷೆಯನ್ನೂ ವಾಹನವನ್ನೂ ಕೆಳಗೆ ತ್ಯಜಿಸಿ 600ಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಏರಬೇಕಾಗುವುದರಿಂದ, ಸೈಕಲ್ಲು ಒಡೆಯನ ದೃಷ್ಟಿಗೆ ಬೀಳದೆ ಬಹಳ ಹೊತ್ತು ಒಂಟಿಯಾಗಿರುತ್ತದೆ. ಕಾಫಿಗೆ ನಿಂತಾಗ ಅದನ್ನು ಕಣ್ಣಳತೆಯಲ್ಲಿ ಇರಿಸಿಕೊಂಡರೆ ಸಾಕು, ಇಲ್ಲಿ ಹಾಗಾಗದು. ಹಣ ಕೊಟ್ಟು ನಿಲ್ಲಿಸುವ ಸ್ಟ್ಯಾಂಡು ಹತ್ತಿರವಿದ್ದರೆ ಅದೇ ಉತ್ತಮ, ಇಲ್ಲವಾದರೆ ಅಂಗಡಿಯೊಂದರ ಮುಂದೆ ನಿಂತು, “ಯಜಮಾನ್ರೇ, ಸೈಕಲ್ ಸ್ವಲ್ಪ ನೋಡ್ಕತೀರಾ?” ಎಂದು ವಿನಯದಿಂದ ಕೇಳುವುದು ಲೇಸು. ಹಾಗೆ ಕೇಳಿದೊಡನೆ ಅನಾಥವಾಗಿದ್ದ ವಸ್ತುವಿಗೆ ಆ ಊರಿನಲ್ಲೊಬ್ಬ ಪೋಷಕನು ಲಭಿಸುತ್ತಾನೆ.

ಬೀಗದ ವಿಷಯದಲ್ಲಿ ನಮ್ಮ ಜನರಲ್ಲಿ ಹಳೆಯ ಭ್ರಮೆಯೊಂದು ಉಳಿದಿದೆ. ಹಿಂಚಕ್ರದ ಕಡ್ಡಿಗಳ ನಡುವೆ ತೂರುವ ಬೀಗವು ಭಾರವಾದ ಹಿಂದಿನ ಸೈಕಲ್ಲುಗಳಿಗೆ ಸಾಲುತ್ತಿತ್ತೆಂದರೂ, ಚಕ್ರ ತಿರುಗದಂತೆ ತಡೆಯುವುದಷ್ಟೇ ಅದರ ಶಕ್ತಿ. ಇಂದಿನ ಹಗುರವಾದ ಸೈಕಲ್ಲನ್ನು ಒಬ್ಬನೇ ಹೆಗಲ ಮೇಲೆ ಹೊತ್ತೊಯ್ಯಬಲ್ಲನು. ಆದುದರಿಂದ ಅದನ್ನು ಕೀಳಲಾಗದ ಕಂಬಕ್ಕೋ ಸರಳಿಗೋ ಬಂಧಿಸಲೇಬೇಕು. ಆ ಕಂಬವೂ ಬೀಗವನ್ನು ಮೇಲೆತ್ತಿ ತಪ್ಪಿಸುವಷ್ಟು ಗಿಡ್ಡವಾಗಿರಬಾರದು. ತೆಳುವಾದ ತಂತಿಯ ಬೀಗವನ್ನು ಕಟ್ಟರಿನಿಂದ ಕ್ಷಣದಲ್ಲಿ ಕತ್ತರಿಸಬಹುದು. ಗಡಸು ಉಕ್ಕಿನ ಯು ಆಕಾರದ ಬೀಗವಾದರೋ ಕಳ್ಳನ ಕಾಲವನ್ನು ಹರಣ ಮಾಡುತ್ತದೆ. ಯಾವ ಬೀಗವೂ ಅಭೇದ್ಯವಲ್ಲ, ವಿಳಂಬವೇ ಅದರ ಕಾರ್ಯ. ಆ ವಿಳಂಬವು ಜನರ ಕಣ್ಣೆದುರು ನಡೆಯುವಂತೆ ಸ್ಥಳವನ್ನು ಆರಿಸುವುದು ನಮ್ಮ ಕಾರ್ಯ. ಸನ್ನೆಯೊಂದನ್ನು ತಿರುಗಿಸಿದೊಡನೆ ಕಳಚುವ ಮುಂಚಕ್ರವಿದ್ದಲ್ಲಿ ಸರಪಳಿಯನ್ನು ಅದರೊಳಗೂ ಹಾಯಿಸಬೇಕು. ದೀಪ, ಪಂಪು, ಚೀಲಗಳನ್ನು ಬಿಚ್ಚಿ ಜೊತೆಗೇ ಒಯ್ಯಬೇಕು.

ಪುರಸಭೆಗಳು ಸೈಕಲ್ಲಿಗೆ ತೆರಿಗೆ ವಿಧಿಸಿ ಲೋಹದ ಬಿಲ್ಲೆ ಕೊಡುತ್ತಿದ್ದ ಕಾಲವೊಂದಿತ್ತು. ಬಿಲ್ಲೆ ಹೋದರೂ ಗುರುತು ಹೋಗಿಲ್ಲ: ಸಾಮಾನ್ಯವಾಗಿ ಪೆಡಲುಗಳ ಅಚ್ಚು ಹಾಯುವ ಕೊಳವೆಯ ಅಡಿಯಲ್ಲಿ ಚೌಕಟ್ಟಿನ ಸಂಖ್ಯೆ ಕೊರೆದಿರುತ್ತದೆ. ಅದೂ, ಕೊಂಡ ರಸೀತಿಯೂ, ಒಂದು ಛಾಯಾಚಿತ್ರವೂ ಇಲ್ಲದಿದ್ದರೆ, ಪತ್ತೆಯಾದ ಸೈಕಲ್ಲು ತನ್ನದೆಂದು ಸ್ಥಾಪಿಸುವುದು ದುಸ್ತರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ, ಕಳವು ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ದೂರುದಾರನು ಉಚಿತವಾಗಿ ಪಡೆಯಬಹುದು. ಪರಊರಿನವನಿಗೆ ಇದು ದೊಡ್ಡ ಆಸರೆ.

ಇಷ್ಟಾದರೂ ಕಟ್ಟಿಹಾಕಲು ಗಟ್ಟಿಯಾದ ಆಧಾರವಿಲ್ಲದ ಎಡೆಯಲ್ಲಿ ಸವಾರನ ಎಚ್ಚರವೆಲ್ಲ ನಿಷ್ಫಲ. ನದೀತೀರಗಳಲ್ಲಿ, ದೇವಾಲಯಗಳ ಮುಂದೆ, ಬೆಟ್ಟದ ಬುಡದಲ್ಲಿ ಕಬ್ಬಿಣದ ನಾಲ್ಕಾರು ಕಮಾನುಗಳನ್ನು ಸಿಮೆಂಟಿನಲ್ಲಿ ಹೂಳಿಸಿಕೊಡಬೇಕೆಂದು ಪಂಚಾಯಿತಿ ಪುರಸಭೆಗಳಲ್ಲಿ ನನ್ನ ಪ್ರಾರ್ಥನೆ.